ಮುಯ್ಯಿ ಬೇಡವೆಂದ ವರ್ಷ

ನಾನು ಸೊರಬದ ಕಡೆಯವಳು. ಮದುವೆಯಾಗಿ ಬಂದದ್ದು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿಗೆ. ಶಿರಾಳಕೊಪ್ಪದ ಸಂತೆಗೆ ನಡೆದೇ ಹೋಗಿ ಬರಬಹುದಾದಷ್ಟು ಹತ್ತಿರದ ಊರು. ಆಗ ಕನ್ನಡದ ಸೀಮೆಯೆಲ್ಲ ಸೇರಿ ರಾಜ್ಯ ಒಂದಾಗಿ ಒಂದೆರಡು ವರ್ಷ ಕಳೆದಿತ್ತು. ರಾಜ್ಯ ಒಂದಾದರೂ ನನ್ನ ಮಾತು ಮತ್ತು ಅತ್ತೆಮನೆಯ ಓಣಿಯ ಮಾತು ಇನ್ನೂ ಒಂದಾಗಿರಲಿಲ್ಲ. ನಾನು "ಎಂತದು" ಅಂದರೆ ಸಾಕು, ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ. ನೀವು ಊಟಕ್ಕೆ ಕರೆಯುವುದನ್ನು ಕೇಳಿದರೆ ಜಗಳಕ್ಕೆ ಕರೆದ ಹಾಗಿರುತ್ತದೆ ಎಂದು ತಿರುಗಿಸಿ ಕೊಡುತ್ತಿದ್ದೆ.

ಆ ಊರಿನಲ್ಲಿ ನಾನು ಮೊದಲು ಕಲಿತದ್ದು ಮುಯ್ಯಾಳಿನ ಲೆಕ್ಕ. ನಮ್ಮ ತವರಿನ ಕಡೆಯೂ ಅದು ಇತ್ತು, ಆದರೆ ಇಷ್ಟು ಬಿಗಿಯಾಗಿರಲಿಲ್ಲ. ಇವತ್ತು ನಿಮ್ಮ ಗದ್ದೆಯ ಕಳೆ ಕೀಳಲು ನಮ್ಮ ಮನೆಯಿಂದ ಒಬ್ಬರು ಬಂದರೆ, ನಾಳೆಯೋ ನಾಡಿದ್ದೋ ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಒಬ್ಬರು ಬರಬೇಕು. ಕೂಲಿ ಎಂಬುದಿಲ್ಲ, ಆಳಿಗೆ ಆಳು. ಹಾಗೆ ತಿರುಗಿ ತೀರಿಸುವುದೇ ಮುಯ್ಯಿ. ಅದನ್ನು ಯಾರೂ ಬರೆದಿಡುತ್ತಿರಲಿಲ್ಲ, ಯಾರೂ ಮರೆಯುತ್ತಲೂ ಇರಲಿಲ್ಲ. ನನ್ನ ಅತ್ತೆ ಮಜ್ಜಿಗೆ ಕೇಳಿದವರಿಗೆ ಗಡಿಗೆಯನ್ನೇ ಎತ್ತಿ ಕೊಡುವ ಹೆಂಗಸು. ಮುಯ್ಯಾಳಿನ ವಿಷಯಕ್ಕೆ ಬಂದರೆ ಮಾತ್ರ ಸ್ವಂತ ತಂಗಿಯ ಮನೆಗೂ ರಿಯಾಯಿತಿ ತೋರಿಸುತ್ತಿರಲಿಲ್ಲ. ಇದೆಂಥ ಜಿಗುಟುತನ ಎಂದು ನಾನು ಒಳಗೊಳಗೇ ಬೈದುಕೊಂಡಿದ್ದೇನೆ.

ನಮ್ಮ ಗೋಡೆಗೆ ಹೊಂದಿದ ಆಚೆಮನೆಯಲ್ಲಿ ಗಂಡ, ಹೆಂಡತಿ ಮತ್ತು ಇನ್ನೂ ಮಾತು ತೊದಲುವ ಒಬ್ಬ ಮಗಳು ಇದ್ದರು. ಆ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಊರಲ್ಲಿ ನನ್ನ ಮಾತಿಗೆ ನಗದೆ ಇದ್ದವಳು ಅವಳೊಬ್ಬಳೇ. ಮಗಳು ಯಾವಾಗಲೂ ನಮ್ಮ ಮನೆಯಲ್ಲೇ. ರೊಟ್ಟಿ ಬಡಿಯುವಾಗ ಎದುರು ಬಂದು ಕೂತು ಹಿಟ್ಟು ಕೇಳುವುದು, ಕೊಟ್ಟ ಹಿಟ್ಟನ್ನು ಬಾಯಿಗೆ ಹಾಕಿಕೊಂಡು ಬೈಸಿಕೊಳ್ಳುವುದು ಅವಳ ನಿತ್ಯದ ಕೆಲಸ.

ಆ ಮಗುವಿನ ಬಲಗಣ್ಣು ಸಂಜೆ ದೀಪ ಹಚ್ಚಿದಾಗ ಬೆಳ್ಳಗೆ ಮಿಂಚುತ್ತಿತ್ತು. ಬೆಕ್ಕಿನ ಕಣ್ಣು ಎಂದು ನಾವೆಲ್ಲ ಮುದ್ದು ಮಾಡಿದೆವು. ಯಾರಿಗೂ ಅದು ಕಾಯಿಲೆ ಅನ್ನಿಸಲಿಲ್ಲ. ಆಮೇಲೆ ಕಣ್ಣು ಒಂದು ಕಡೆಗೆ ವಾಲಿತು. ದೃಷ್ಟಿ ತೆಗೆದರು, ಯಾವುದೋ ಸೊಪ್ಪಿನ ರಸ ಹಿಂಡಿದರು, ಮಗು ಕಿರುಚಿ ಓಣಿ ಒಂದು ಮಾಡಿತು. ಕಣ್ಣು ಕೆಂಪಾಗಿ ಮುಂದೆ ಬರತೊಡಗಿದಾಗ ಶಿಕಾರಿಪುರದ ಡಾಕ್ಟರ ಹತ್ತಿರ ಒಯ್ದರು. ಅವರು ಬ್ಯಾಟರಿ ಹಿಡಿದು ನೋಡಿ, ಚೀಟಿ ಬರೆದು ಶಿವಮೊಗ್ಗೆಗೆ ಕಳಿಸಿದರು.

ಶಿವಮೊಗ್ಗೆಯಲ್ಲಿ ಹೇಳಿದ ಹೆಸರು ಕ್ಯಾನ್ಸರ್. ನಮ್ಮ ಊರಿಗೆ ಆ ಹೆಸರು ಪೂರಾ ಹೊಸದೇನಲ್ಲ. ಹೊಗೆಸೊಪ್ಪು ಅಗಿಯುವ ಮುದುಕರ ಕೆನ್ನೆಯಲ್ಲಿ ಆಗುವ ಹುಣ್ಣಿಗೆ ಹಾಗೆ ಅನ್ನುತ್ತಾರೆ ಎಂದು ಕೇಳಿದ್ದರು. ಹಾಲು ಬಿಟ್ಟು ಹೆಚ್ಚು ದಿನವಾಗದ ಮಗುವಿಗೆ, ಅದೂ ಕಣ್ಣಿನಲ್ಲಿ, ಅದು ಬರುತ್ತದೆ ಎಂದರೆ ಯಾರು ನಂಬುತ್ತಾರೆ? ಡಾಕ್ಟರು ಬಿಡಿಸಿ ಹೇಳಿದ್ದರಂತೆ. ಈ ಕಣ್ಣನ್ನು ತೆಗೆಯಲೇಬೇಕು. ತೆಗೆದ ಮೇಲೂ ಒಳಗೆ ಬೇರು ಉಳಿದಿರಬಹುದು, ಅದಕ್ಕೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಲೈಟು ಕೊಟ್ಟು ಸುಡಬೇಕು. ಎರಡೂ ಆದರೆ ಮಗು ಬದುಕಬಹುದು. ತೆಗೆಸದಿದ್ದರೆ ಬದುಕುವುದಿಲ್ಲ.

ಅಕ್ಕನ ತವರಿನಿಂದ ಅವಳ ಅಪ್ಪ ಬಂದು ಜಗಲಿಯ ಮೇಲೆ ಕೂತು, "ಹೆಣ್ಣುಕೂಸು ಐತಿ. ಕಣ್ಣು ತೆಗೆಸಿದ್ರ ನಾಳೆ ಯಾರು ಮಾಡ್ಕೊಂತಾರ?" ಎಂದರು. ನಾನು ನೀರು ಕೊಡಲು ಹೋದವಳು ತಂಬಿಗೆಯನ್ನು ಕುಕ್ಕಿ ಇಟ್ಟು ಬಂದೆ. ಹೊಸ ಸೊಸೆ, ಬಾಯಿ ಬಿಡುವ ಹಾಗಿರಲಿಲ್ಲ. ಅಕ್ಕ ಮಾತ್ರ ದನಿ ಏರಿಸದೆ ಹೇಳಿದಳು. "ಮದಿವಿ ಆಮ್ಯಾಲಿನ ಮಾತು ಅಪ್ಪಾ. ಕಣ್ಣು ಹೋದ್ರ ಹೋಗವಲ್ದ್ಯಾಕ, ಮಗಳು ನನಗ ಬೇಕು." ಆ ಮುದುಕರು ಹೋಗುವಾಗ ಮೊಮ್ಮಗಳ ತಲೆ ಸವರಿ ಅತ್ತರು.

ಅವರು ಬೆಂಗಳೂರಿಗೆ ಹೊರಟದ್ದು ಗದ್ದೆಯಲ್ಲಿ ಕಳೆ ಎದ್ದ ಹೊತ್ತಿನಲ್ಲಿ. ಕಳೆ ಯಾರ ಕಷ್ಟವನ್ನೂ ಕೇಳಿಕೊಂಡು ಬೆಳೆಯುವುದಿಲ್ಲ. ಒಂದು ಹದ ತಪ್ಪಿದರೆ ಬತ್ತವನ್ನು ನುಂಗಿಬಿಡುತ್ತದೆ. ಹಾಗಾಗಿ ಅವರ ಬಸ್ಸು ಹೊರಟ ಮೇಲೆ ಊರಿನವರು ಕೂತು ಮಾತಾಡಿ ಕೆಲಸ ಹಂಚಿಕೊಂಡರು. ಕುಂಟೆ ಹೊಡೆಯುವವರು ಯಾರು, ಕಳೆಗೆ ಹೋಗುವವರು ಯಾರು, ಎತ್ತುಗಳನ್ನು ಕಟ್ಟಿಕೊಳ್ಳುವವರು ಯಾರು ಎಂದೆಲ್ಲ ಆಯಿತು. ಮನೆ ಗುಡಿಸಿ ದೀಪ ಹಚ್ಚುವುದು ಮತ್ತು ಎಮ್ಮೆ ನನ್ನ ಪಾಲಿಗೆ ಬಂತು.

ಆ ಎಮ್ಮೆಯ ಕತೆ ಹೇಳಲೇಬೇಕು. ಅದು ಅಕ್ಕನ ಕೈ ಬಿಟ್ಟು ಬೇರೆ ಕೈಗೆ ಹಾಲು ಇಳಿಸುತ್ತಿರಲಿಲ್ಲ. ಮೊದಲ ದಿನ ನನ್ನನ್ನು ಕೊಟ್ಟಿಗೆಯ ಗೋಡೆಗೆ ಒತ್ತಿತು, ಮರುದಿನ ಪಾತ್ರೆಯನ್ನು ಒದ್ದು ಸೊಟ್ಟ ಮಾಡಿತು. ಅತ್ತೆ ನೋಡಿ ನೋಡಿ ಸಾಕಾಗಿ, ಅಕ್ಕನ ಹಳೆಯ ಸೀರೆಯನ್ನು ಗಳದಿಂದ ತೆಗೆದು ನನಗೆ ಉಡಿಸಿ ಕಳಿಸಿದರು. ಎಮ್ಮೆ ನನ್ನನ್ನು ಮೂಸಿತು, ಸೀರೆಯನ್ನು ಮೂಸಿತು, ನಿಂತಿತು. ಅಂದಿನಿಂದ ನನಗೆ ಓಣಿಯಲ್ಲಿ ಎಮ್ಮೆಯ ಅಕ್ಕ ಎಂದೇ ಹೆಸರಾಯಿತು. ನಗುವವರು ನಗಲಿ ಎಂದು ನಾನು ಹಾಲು ಕಾಸಿ ಹೆಪ್ಪು ಹಾಕಿ, ತುಪ್ಪ ಮಾಡಿ ಅವರಿಗಾಗಿ ತೆಗೆದಿಡುತ್ತಿದ್ದೆ.

ಕಣ್ಣು ತೆಗೆದದ್ದಾಯಿತು. ಲೈಟು ಕೊಡುವುದು ಶುರುವಾಯಿತು. ಆ ನಡುವೆ ಅಕ್ಕನ ಗಂಡ ಬಟ್ಟೆ, ರೊಟ್ಟಿ, ಚಟ್ನಿಪುಡಿ ಒಯ್ಯಲೆಂದು ಒಂದು ಸಲ ಊರಿಗೆ ಬಂದ. ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿಕೊಳ್ಳುತ್ತೇವೆ, ಅಲ್ಲಿ ರಾಯಚೂರಿನ ಕಡೆಯವಳು ಒಬ್ಬಳು ಸಿಕ್ಕಿದ್ದಾಳೆ, ಅವಳ ಮಗನಿಗೆ ಕಾಲಿನಲ್ಲಿ ಇದೇ ರೋಗ, ಒಬ್ಬರು ಮಕ್ಕಳನ್ನು ನೋಡಿಕೊಂಡರೆ ಇನ್ನೊಬ್ಬರು ಒಲೆ ನೋಡುತ್ತೇವೆ ಎಂದು ಹೇಳಿದ. ಮೊದಲೇ ಮಾತು ಕಡಿಮೆಯ ಮನುಷ್ಯ, ಸೊರಗಿ ಅರ್ಧವಾಗಿದ್ದ.

ಅವನು ತನ್ನ ಗದ್ದೆ ನೋಡಲು ಬಂದಾಗ ನಾವೆಲ್ಲ ಅಲ್ಲೇ ಕಳೆ ಕೀಳುತ್ತಿದ್ದೆವು. ಮುಕ್ಕಾಲು ಗದ್ದೆ ಹಸನಾಗಿತ್ತು. ಅವನು ಬದುವಿನ ಮೇಲೆ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರ ಮನೆಯಿಂದ ಯಾರು ಬಂದಿದ್ದಾರೆ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಾನೆ ಎಂದು ತಿಳಿಯುತ್ತಿತ್ತು. "ಬಂದ ಮ್ಯಾಲೆ ಎಲ್ಲಾರ ಮುಯ್ಯೀನೂ ತೀರಿಸ್ತೀನ್ರಿ" ಎಂದ.

ಊರಿನ ಹಿರಿಯರೊಬ್ಬರು ಅಂದು ಕೆಲಸ ನೋಡಲು ಬಂದಿದ್ದರು. ಅವರ ಮಾತೆಂದರೆ ಊರಿನ ಮಾತು. ಹಿಂದಿನ ವಾರವಷ್ಟೇ ಜಮೀನಿನ ತಕರಾರಿಗೆಂದು ಶಿವಮೊಗ್ಗೆಗೆ ಹೋಗಿದ್ದವರು, ಆಸ್ಪತ್ರೆಗೂ ಹೋಗಿ ಆ ಡಾಕ್ಟರನ್ನು ಕಂಡು ಮಗುವಿನ ವಿಷಯ ವಿಚಾರಿಸಿ ಬಂದಿದ್ದರು. ಅವರು ದೊಡ್ಡ ಮನಸ್ಸಿನಿಂದಲೇ ಕೈ ಎತ್ತಿ ಹೇಳಿದರು.

"ಆ ಲೆಕ್ಕ ಇಡಬ್ಯಾಡಪ್ಪಾ. ನಿಮ್ಮನಿಗೆ ಮುಯ್ಯಿ ಇಲ್ಲ. ಯಾರೂ ಕೇಳಂಗಿಲ್ಲ."

ಎಲ್ಲರೂ ಹೌದು ಹೌದು ಎಂದರು. ನನಗಂತೂ ಕಣ್ಣು ತುಂಬಿ ಬಂತು. ಇಷ್ಟು ಬಿಗಿ ಲೆಕ್ಕದ ಜನ ಇಷ್ಟು ಸಲೀಸಾಗಿ ಬಿಟ್ಟರಲ್ಲ ಎಂದು ಹೆಮ್ಮೆಯೂ ಆಯಿತು. ಅಕ್ಕನ ಗಂಡ ತಲೆಯ ವಸ್ತ್ರ ತೆಗೆದು ಮುಖ ಒರೆಸಿಕೊಂಡು ಹೋದ. ಸಂಜೆಯ ಬಸ್ಸಿಗೇ ಹೊರಟುಬಿಟ್ಟ. ನಾನು ಕಟ್ಟಿಟ್ಟಿದ್ದ ತುಪ್ಪವನ್ನೂ ಒಯ್ಯಲಿಲ್ಲ.

ಅದಾಗಿ ವಾರ ಕಳೆಯುವುದರೊಳಗೆ ಮೂವರೂ ಊರಿಗೆ ಬಂದುಬಿಟ್ಟರು. ಮಗುವಿನ ಒಂದು ಕಣ್ಣಿನ ಮೇಲೆ ಬಿಳಿ ಬಟ್ಟೆ. ಉಳಿದಂತೆ ಅದು ಖುಷಿಯಾಗಿಯೇ ಇತ್ತು. ನನ್ನ ಮೈಮೇಲಿದ್ದ ಸೀರೆ ನೋಡಿ, "ಅದು ಅವ್ವಂದು, ಬಿಚ್ಚು" ಎಂದು ಜಗಳಕ್ಕೇ ಬಂತು. ಚಿಕಿತ್ಸೆ ಇಷ್ಟು ಬೇಗ ಮುಗಿಯಿತೇ ಎಂದು ಎಲ್ಲರಿಗೂ ಆಶ್ಚರ್ಯ. ಅಕ್ಕ ಮಗಳನ್ನು ಎತ್ತಿಕೊಂಡು ಸೀದಾ ಒಳಗೆ ಹೋದಳು.

ಮರುದಿನ ರೊಟ್ಟಿ, ಪಲ್ಯ ತೆಗೆದುಕೊಂಡು ಹೋದೆ. ಅಕ್ಕ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗೋಡೆಗೆ ಒರಗಿ ಕೂತಿದ್ದಳು.

"ಲೈಟು ಪೂರ್ತಿ ಆತನಾ?" ಎಂದೆ.

"ಇಲ್ಲ. ಇನ್ನೂ ಅರ್ಧಾನೂ ಆಗಿಲ್ಲ."

"ಹಂಗಾರೆ ಎಂತಕ್ಕೆ ಬಂದ್ರಿ?"

ಅಕ್ಕ ಮಗಳ ಕೂದಲು ಸರಿಮಾಡುತ್ತ ಹೇಳಿದಳು. "ಸಾಯೋ ಕೂಸಿಗೆ ಯಾಕ ಸುಡಿಸ್ಬೇಕು? ಅಲ್ಲಿ ದಿನಾ ಅಳ್ತಿತ್ತು. ಇಲ್ಲಿ ಇರೋಷ್ಟು ದಿನ ಮನಿಯಾಗ ಆಡ್ಕೊಂಡಿರ್ಲಿ."

ಯಾರು ಹಾಗೆ ಹೇಳಿದರು, ಅಲ್ಲಿನ ಡಾಕ್ಟರೇ ಎಂದು ಕೇಳಿದೆ. ಡಾಕ್ಟರು ಹಾಗೆ ಹೇಳಿರಲಿಲ್ಲ. ನಡುವೆ ಬಿಟ್ಟರೆ ರೋಗ ಮರಳಿ ಬರುತ್ತದೆ, ಹೋಗಬೇಡಿ ಎಂದು ಕೈಹಿಡಿದು ಹೇಳಿದ್ದರಂತೆ. ಹೋಗುವುದೇ ಆದರೆ ಬೇಗ ಮರಳಿ ಬನ್ನಿ ಎಂದಿದ್ದರಂತೆ.

"ಡಾಕ್ಟ್ರು ನಮ್ಮ ಮುಂದ ಹೇಳ್ತಾರೇನು? ಊರ ಯಜಮಾನ್ರ ಮುಂದ ಹೇಳ್ಯಾರ. ಶಿವಮೊಗ್ಗಿಗೆ ಹೋಗಿ ಕೇಳ್ಕೊಂಡು ಬಂದಾರಲ್ಲ. ಅದಕ್ಕ ಬದುವಿನ ಮ್ಯಾಲೆ ಎಲ್ಲಾರ ಮುಂದ ಹೇಳಿದ್ರಂತ, ನಿಮ್ಮನಿಗೆ ಮುಯ್ಯಿ ಇಲ್ಲ ಅಂತ."

ನನಗೆ ತಲೆಬುಡ ತಿಳಿಯಲಿಲ್ಲ. ಮುಯ್ಯಿ ಬೇಡ ಎನ್ನುವುದಕ್ಕೂ ಮಗು ಸಾಯುವುದಕ್ಕೂ ಎತ್ತಣ ಸಂಬಂಧ? ಮನೆಗೆ ಬಂದು ಅತ್ತೆಗೆ ಇದನ್ನೇ ಹೇಳಿದೆ. ಅತ್ತೆ ಜೋಳ ಕೇರುತ್ತಿದ್ದರು. ಮೊರ ಕೈಯಲ್ಲೇ ನಿಂತಿತು.

"ಅಯ್ಯೋ ನಮ್ಮ ಬುದ್ಧಿಗೆ ಬೆಂಕಿ ಬೀಳ್ಲಿ" ಎಂದರು. ಆಮೇಲೆ ನನಗೆ ತಿಳಿಸಿ ಹೇಳಿದರು. ಆ ಊರಿನಲ್ಲಿ ಮುಯ್ಯಿ ಇಲ್ಲದ ಕೆಲಸ ಎಂದರೆ ಒಂದೇ. ಸಾವಾದ ಮನೆಯ ಗದ್ದೆಯನ್ನು ಊರಿನವರು ಮಾಡಿಕೊಡುತ್ತಾರೆ, ಅದನ್ನು ಆ ಮನೆಯವರು ತೀರಿಸುವ ಹಾಗಿಲ್ಲ. ತೀರಿಸಿಕೊಳ್ಳುವುದು ಅಪಶಕುನ. ಬೇರೆ ಯಾವ ಕಷ್ಟಕ್ಕೂ, ಮನೆ ಸುಟ್ಟರೂ, ಎತ್ತು ಸತ್ತರೂ, ಈ ವರ್ಷವಲ್ಲದಿದ್ದರೆ ಮುಂದಿನ ವರ್ಷ ಮುಯ್ಯಿ ಇದ್ದೇ ಇರುತ್ತದೆ. ಮಗುವಿನ ಕಾಯಿಲೆಗೆ ಒಂದು ಸಂಸಾರ ಅಷ್ಟು ಕಾಲ ಊರು ಬಿಟ್ಟಿರುವುದು ಅಲ್ಲಿಯವರೆಗೆ ನಡೆದಿರಲೇ ಇಲ್ಲ. ಹಿರಿಯರು ಔದಾರ್ಯ ಮಾಡಲು ಹೋಗಿ ತಮಗೆ ಗೊತ್ತಿದ್ದ ಒಂದೇ ಒಂದು ಮಾತನ್ನು ಎತ್ತಿಕೊಂಡಿದ್ದರು. ಶಿವಮೊಗ್ಗೆಯ ಡಾಕ್ಟರು ಅವರಿಗೆ ಹೇಳಿದ್ದು ಮಗುವನ್ನು ಬೆಂಗಳೂರಿಗೆ ಕಳಿಸಿದ್ದೇನೆ ಎಂದು ಮಾತ್ರ.

"ಆ ಮಾತಿಗೆ ನಾವೂ ಹೂಂ ಅಂದ್ವಲ್ಲೇ! ಒಬ್ಬರಿಗಾದ್ರೂ ಹೊಳಿಬಾರ್ದಾ?" ಎಂದು ಅತ್ತೆ ಹಣೆ ಹಣೆ ಬಡಿದುಕೊಂಡರು.

ಹೋಗಿ ಸಮಾಧಾನ ಹೇಳೋಣ, ಅವರು ಹಾಗಂದದ್ದು ಆ ಅರ್ಥದಲ್ಲಿ ಅಲ್ಲ ಎಂದು ತಿಳಿಸೋಣ ಎಂದೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಸಮಾಧಾನ ಹೇಳಿದಷ್ಟೂ ಅವಳ ಅನುಮಾನ ಗಟ್ಟಿಯಾಗುತ್ತದೆ, ಸಾಯುವವರ ಮನೆಯಲ್ಲೇ ತಾನೇ ಜನ ಸಮಾಧಾನ ಹೇಳುವುದು ಎಂದರು. ಹಾಗೆಂದು ಮೊರ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು ಆಚೆಮನೆಯ ಜಗಲಿಗೆ ಹೋದರು. ಹೋದವರೇ ಓಣಿಗೆಲ್ಲ ಕೇಳುವ ಹಾಗೆ ಗಂಟಲು ತೆರೆದರು.

"ಏನವ್ವಾ, ಒಳಗ ಕುಂತ್ರ ಆತೇನು? ನಿಮ್ಮ ಗದ್ದೀಗೆ ನನ್ನ ಸೊಸಿ ಬಂದಾಳ, ನಾನೂ ಬಂದೀನಿ. ನಡ ಮುರ್ದೋಗೈತಿ ನಂದು. ನನ್ನ ಮುಯ್ಯಿ ಯಾವಾಗ ತೀರಿಸ್ತಿ, ಹೇಳು!"

ಅಕ್ಕ ಬಾಗಿಲಿಗೆ ಬಂದಳು. ಅವಳ ಮುಖದಲ್ಲಿ ಗಾಬರಿ. "ಬ್ಯಾಡ ಅಂದಿದ್ರಂತಲ್ರೀ..."

"ಯಾರು ಬ್ಯಾಡ ಅಂದೋರು? ಅವರ ಮನಿ ಮುಯ್ಯಿ ಅವರು ಬಿಡ್ಲಿ. ನಂದು ಬಿಡಾಕ ಅವರ್ಯಾರು?"

ಅಷ್ಟರಲ್ಲಿ ನಾನು ಓಣಿಯ ಬಾಗಿಲುಗಳನ್ನೆಲ್ಲ ತಟ್ಟಿ ವಿಷಯ ಮುಟ್ಟಿಸಿದ್ದೆ. ನನ್ನ ಭಾಷೆಗೆ ಅಂದು ಯಾರೂ ನಗಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬಂದು ಜಗಳ ತೆಗೆದರು. ನಮ್ಮದು ಕುಂಟೆ ಎರಡು ಸಲ ಬಂದಿದೆ, ನನ್ನ ಮಗ ಎತ್ತಿನ ಸಮೇತ ಬಂದಿದ್ದ, ಎತ್ತಿನ ಮುಯ್ಯಿ ಬೇರೆ ಆಳಿನ ಮುಯ್ಯಿ ಬೇರೆ ಎಂದು ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದರು. ಅಂಥ ಕೆಟ್ಟ ಜಗಳವನ್ನು, ಅಂಥ ಒಳ್ಳೆಯ ಜಗಳವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಅವಳು ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಯಾಕೆಂದರೆ ಮಾತು ಆಡಿದವರು ಅಲ್ಲಿ ಇರಲಿಲ್ಲ.

ಆ ಹಿರಿಯರು ಆಮೇಲೆ ಬಂದರು. ಯಾರೋ ಹೋಗಿ ಹೇಳಿರಬೇಕು, ಹೊಲದಿಂದ ನೇರವಾಗಿ ಕೆಸರುಗಾಲಿನಲ್ಲೇ ಬಂದಿದ್ದರು. ಗದ್ದಲ ನಿಂತಿತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಅಭ್ಯಾಸವಿಲ್ಲದ ಮನುಷ್ಯ ಅವರು. ಅಕ್ಕನ ಮುಖವನ್ನು ನೋಡಲಾರದೆ ಅವಳ ಗಂಡನ ಕಡೆ ತಿರುಗಿದರು.

"ನಮ್ಮನಿ ಮುಯ್ಯೀನೂ ಬರಬೇಕಪ್ಪಾ. ಈಗ ಬ್ಯಾಡ. ಬೆಂಗಳೂರಾಗ ಪೂರಾ ಮುಗಿಸ್ಕೊಂಡು ಬರ್ರಿ. ಸುಗ್ಗಿ ಹೊತ್ತಿಗೆ ನಮ್ಮ ಗದ್ದೆ ಕೊಯ್ಲಿಗೆ ನಿಮ್ಮನಿಂದ ಮೂರು ಆಳು ಬರಬೇಕು."

"ಮೂರು ಎಲ್ಲಿಂದ ತರ್ಲ್ರಿ? ನಾವು ಇರೋದು ಇಬ್ರು" ಎಂದ ಅಕ್ಕನ ಗಂಡ.

ಹಿರಿಯರು ಬಾಗಿಲ ಹತ್ತಿರ ತಾಯಿಯ ಸೀರೆ ಹಿಡಿದು ನಿಂತಿದ್ದ ಮಗುವನ್ನು ತೋರಿಸಿದರು. "ಅಕಿ ಯಾರು ಮತ್ತ? ಉಂಡುಬಿಟ್ಟು ಆಡೋದೊಂದೇ ಏನು ಕೆಲಸ? ಅಕಿನೂ ಬರಬೇಕು."

ಅಕ್ಕ ಅಳುವುದಕ್ಕೆ ಶುರುಮಾಡಿದಳು. ಕಣ್ಣು ತೆಗೆದಾಗಲೂ ಅತ್ತಿರಲಿಲ್ಲ ಎಂದು ಅವಳ ಗಂಡ ಹೇಳುತ್ತಿದ್ದ. ಅಂದು ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು. ಅತ್ತು ಮುಗಿಸಿ ಮುಖ ತೊಳೆದು, ಬೆಂಗಳೂರಿಗೆ ಬುತ್ತಿ ಕಟ್ಟಲು ಜೋಳದ ಹಿಟ್ಟು ಇದೆಯೇ ಎಂದು ನನ್ನನ್ನು ಕೇಳಿದಳು. ಓಣಿಯ ಒಲೆಗಳ ಮೇಲೆಲ್ಲ ಅಂದು ರೊಟ್ಟಿ ಬೆಂದವು. ಮರುದಿನ ಶಿರಾಳಕೊಪ್ಪದಲ್ಲಿ ಬಸ್ಸು ಹತ್ತಿಸಲು ನಾನೂ ಹೋಗಿದ್ದೆ. ತುಪ್ಪದ ಗಿಂಡಿಯನ್ನು ಈ ಸಲ ನಾನೇ ಅವರ ಗಂಟಿನಲ್ಲಿ ತುರುಕಿದೆ. ರಾಯಚೂರಿನವಳಿಗೂ ಕೊಡು ಎಂದೆ.

ದೀಪಾವಳಿ ಮುಗಿದ ಮೇಲೆ ಅವರು ಬಂದರು. ಲೈಟು ಪೂರ್ತಿಯಾಗಿತ್ತು. ಮಗುವಿನ ಕೆನ್ನೆಯ ಮೇಲಿನ ಚರ್ಮ ಕಪ್ಪಾಗಿತ್ತು, ಮೈಯಲ್ಲಿ ಮಾಂಸ ಇರಲಿಲ್ಲ. ರೋಗ ಹೋಯಿತೇ ಎಂದು ಕೇಳಿದರೆ ಡಾಕ್ಟರು ಈಗಲೇ ಏನೂ ಹೇಳುವುದಿಲ್ಲ, ಕಾಯಬೇಕು ಎಂದಿದ್ದಾರೆ ಎಂದಳು ಅಕ್ಕ. ರಾಯಚೂರಿನವಳ ಮಗ ಉಳಿಯಲಿಲ್ಲ ಎಂಬುದನ್ನೂ ಹೇಳಿದಳು. ಅದನ್ನು ಹೇಳುವಾಗ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಬತ್ತ ಹಣ್ಣಾಗಿತ್ತು. ಅಕ್ಕ ಮತ್ತು ಅವಳ ಗಂಡ ಕುಡುಗೋಲು ಹಿಡಿದು ಮನೆಮನೆಯ ಗದ್ದೆಗೂ ಬಂದರು. ಸಾಕು ಮನೆಗೆ ಹೋಗು ಎಂದು ಹೇಳಬೇಕೆಂದು ಎಲ್ಲರ ನಾಲಿಗೆಯೂ ತುರಿಸುತ್ತಿತ್ತು. ಯಾರೂ ಹೇಳಲಿಲ್ಲ. ನನ್ನ ಅತ್ತೆಯಂತೂ ಅವಳ ಸಾಲು ಹಿಂದೆ ಬಿತ್ತೆಂದು ಎರಡು ಸಲ ಗದರಿದರು, ಆಮೇಲೆ ಬಂದು ನನ್ನ ಹತ್ತಿರ ಕಣ್ಣು ಮೂಗು ಒರೆಸಿಕೊಂಡರು.

ಕೊನೆಗೆ ಬಂದದ್ದು ಆ ಹಿರಿಯರ ಗದ್ದೆಯ ಕೊಯ್ಲು. ಮೂವರೂ ಬಂದರು. ಮಗುವಿಗೆ ತಲೆಗೊಂದು ವಸ್ತ್ರ ಕಟ್ಟಿ, ಬಿದ್ದ ತೆನೆ ಆರಿಸುವ ಕೆಲಸ ಕೊಟ್ಟರು. ಅದು ಒಂದು ಕಣ್ಣಿನಲ್ಲಿ ಹುಡುಕಿ ಹುಡುಕಿ ಆರಿಸಿತು, ನಡುನಡುವೆ ಬತ್ತ ಸುಲಿದು ಕಾಳು ತಿಂದಿತು, ಮಿಡತೆಯ ಬೆನ್ನು ಹತ್ತಿ ಓಡಿತು. ಮಧ್ಯಾಹ್ನ ಸಾಲಿನಲ್ಲಿ ಕೂತಾಗ ಹಿರಿಯರು ಅದಕ್ಕೂ ದೊಡ್ಡವರ ಎಲೆಯನ್ನೇ ಹಾಕಿಸಿ, ಆಳಿನ ಊಟವನ್ನೇ ಬಡಿಸಿದರು. ಉಂಡು ಅದು ಕಟ್ಟಿಟ್ಟ ಬತ್ತದ ಸಿವುಡುಗಳ ನೆರಳಿನಲ್ಲಿ ನಿದ್ದೆ ಹೋಯಿತು.

ಸಂಜೆ ಕೆಲಸ ಮುಗಿದಾಗ ಹಿರಿಯರು ಎಲ್ಲರೆದುರು, "ಮೂರು ಆಳಿನ ಮುಯ್ಯೀನೂ ಬಂತು. ತೀರಿತು" ಎಂದರು.

ಅಕ್ಕ ಮಲಗಿದ್ದ ಮಗಳನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದವಳು ನಿಂತಳು.

"ಇಲ್ರಿ, ತೀರಿಲ್ಲ. ಅಕಿ ಮಧ್ಯಾಹ್ನದ ಮ್ಯಾಲೆ ಮಕ್ಕೊಂಡುಬಿಟ್ಲು. ಅಕಿದು ಅರ್ಧ ದಿನ ಬಾಕಿ ಐತಿ. ಮುಂದಿನ ವರ್ಷ ಬಂದು ತೀರಿಸ್ತಾಳ."

ಹಿರಿಯರು ಅವಳನ್ನೇ ನೋಡಿದರು. "ಆತು, ಮುಂದಿನ ವರ್ಷ ಬರ್ಲಿ. ಬಿಡೋದಿಲ್ಲ ನಾನು" ಎಂದರು.

ಮುಂದಿನ ವರ್ಷ ಆ ಮಗಳು ಬಂದಳು. ಅದರ ಮುಂದಿನ ವರ್ಷವೂ ಬಂದಳು. ಹೊತ್ತಿಳಿದರೂ ಮನೆಗೆ ಹೋಗಲೊಲ್ಲದೆ ದುಡಿಯುವಷ್ಟು ಗಟ್ಟಿಯಾಗಿದ್ದಳು. ಆದರೂ ಪ್ರತಿ ಸಲ ಅವಳ ಅವ್ವ ಏನಾದರೊಂದು ನೆಪ ತೆಗೆದು ಅರ್ಧ ದಿನದ ಕೆಲಸ ಉಳಿಸಿ, ಮಗಳ ಕೈಹಿಡಿದು ಎಳೆದುಕೊಂಡು ಹೋಗುತ್ತಿದ್ದಳು.